ಹೊರಗಡೆಯ ಚಿಲಕ

ಚಿಕ್ಕಮ್ಮನ ಹೊಲಿಗೆ ಅಂಗಡಿಯ ಟ್ರಯಲ್ ರೂಮಿಗೆ ಎರಡು ಚಿಲಕ. ಒಳಗಿನದು ಗಿರಾಕಿಗಳ ಮರ್ಯಾದೆಗೆ. ಹೊರಗಿನದು ಯಾತಕ್ಕೆಂದು ಯಾರೂ ಕೇಳಿರಲಿಲ್ಲ. ಕನ್ನಡಿ ಇರುವ ಕಡೆ ಬಾಗಿಲು ನೋಡುವವರು ಯಾರು?

ಚಿಕ್ಕಮ್ಮನ ಬಳಿ ಬೆಳೆದ ಹುಡುಗಿಗೆ ಗೊತ್ತಿತ್ತು. ಅಮ್ಮ ಸತ್ತಾಗ ಅವಳಿಗೆ ನಾಲ್ಕು ವರ್ಷ. ಅಳುವ ಮಗುವಿದ್ದರೆ ವ್ಯಾಪಾರ ಕೆಡುತ್ತದೆಂದು ಚಿಕ್ಕಮ್ಮ ಅವಳನ್ನು ಅದರೊಳಗೆ ತಳ್ಳಿ, ದೀಪ ಆರಿಸಿ, "ನೂರು ಎಣಿಸು, ತೆಗೀತೀನಿ" ಅನ್ನುತ್ತಿದ್ದಳು. ಮಗುವಿಗೆ ಇಪ್ಪತ್ತರಾಚೆ ಎಣಿಕೆ ಬರುತ್ತಿರಲಿಲ್ಲ.

ಈಗ ಹದಿನಾರು. ಪರೀಕ್ಷೆಯ ಕೋಣೆಯ ಬಾಗಿಲು ಮುಚ್ಚಿದರೆ ಎದೆ ಹಿಡಿದುಕೊಳ್ಳುತ್ತದೆ. ಬೆಳಗಾದರೆ ಹಾಸಿಗೆ ಬಿಟ್ಟು ಏಳುವುದೇ ಬೇಡವೆನಿಸುತ್ತದೆ. ಸೂಜಿಗೆ ದಾರ ಪೋಣಿಸಲು ಹತ್ತು ಸಲ ಬೇಕಾಗುತ್ತದೆ. ಮನಸ್ಸಿನ ಡಾಕ್ಟರು ಒಂದು ಫಾರಂ ಕೊಟ್ಟು, ಸಾಕಿದವರೇ ತುಂಬಲಿ ಎಂದಿದ್ದರು. 'ಬಾಲ್ಯದ ಕಷ್ಟಗಳು' ಎಂಬಲ್ಲಿ ಚಿಕ್ಕಮ್ಮ ಗುಂಡಗೆ ಬರೆದಳು: ಏನೂ ಇಲ್ಲ.

"ಹೂವಿನ ಹಾಗೆ ಸಾಕಿದೀನಿ. ಸೋಮಾರಿತನಕ್ಕೆ ಡಾಕ್ಟ್ರು ಒಂದು ಹೆಸರಿಟ್ಟಿದಾರೆ, ಅಷ್ಟೆ."

ಶನಿವಾರ ಮಧ್ಯಾಹ್ನ ಚಿಕ್ಕಮ್ಮ ತನಗೇ ಹೊಲಿದುಕೊಂಡ ರವಿಕೆ ಹಾಕಿ ನೋಡಲು ಟ್ರಯಲ್ ರೂಮಿಗೆ ಹೋದಾಗ ಹುಡುಗಿ ಹೊರಗಿನ ಚಿಲಕ ಹಾಕಿ, ಹೊರಗಿನ ಸ್ವಿಚ್ಚು ಆರಿಸಿದಳು.

"ಏಯ್, ಕರೆಂಟ್ ಹೋಯ್ತೇನೇ?"

"ಇಲ್ಲ ಚಿಕ್ಕಮ್ಮ."

"ಬಾಗ್ಲು ತೆಗಿ! ಗಿರಾಕಿ ಬರೋ ಹೊತ್ತು!"

"ಅದಕ್ಕೇ ಹಾಕಿರೋದು. ಅಳ್ಬೇಡ, ವ್ಯಾಪಾರ ಕೆಡುತ್ತೆ. ನೂರು ಎಣಿಸು."

ನೂರಾಯಿತು. ಬಾಗಿಲು ತೆರೆಯಲಿಲ್ಲ. ಆ ಪದ್ಧತಿಯೂ ಚಿಕ್ಕಮ್ಮನದೇ. ಒಳಗಿನಿಂದ ಮೊದಲು ಬಾಗಿಲಿಗೆ ಗುದ್ದು, ಆಮೇಲೆ ಉಂಡ ಮನೆಗೆ ಎರಡು ಬಗೆಯುವವರ ಬಗ್ಗೆ ಉಪನ್ಯಾಸ, ಕೊನೆಗೆ ತೆಳ್ಳಗಿನ ದನಿ: "ಪುಟ್ಟಾ, ಉಸಿರು ಕಟ್ತಿದೆ ಕಣೇ."

ಹನ್ನೆರಡು ವರ್ಷದಲ್ಲಿ 'ಪುಟ್ಟಾ' ಅಂದದ್ದು ಇದೇ ಮೊದಲು. ಹುಡುಗಿ ದೀಪ ಹಾಕಿ, ಫಾರಮ್ಮನ್ನೂ ಬಟ್ಟೆಗೆ ಗೆರೆ ಎಳೆಯುವ ನೀಲಿ ಸೀಮೆಸುಣ್ಣದ ಬಿಲ್ಲೆಯನ್ನೂ ಬಾಗಿಲ ಕೆಳಗಿನಿಂದ ತಳ್ಳಿದಳು.

"ಹಿಂದುಗಡೆ ಖಾಲಿ ಇದೆ. ಬರಿ."

ಫಾರಂ ಹೊರಬಂತು: ಕೂಡಿ ಹಾಕುತ್ತಿದ್ದೆ.

"ಎಷ್ಟು ಹೊತ್ತು ಅಂತ ಇಲ್ಲ."

"ಅದೆಲ್ಲ ಯಾರಿಗೆ ನೆನಪಿರುತ್ತೆ?"

"ಊರ ಹೆಂಗಸರ ಸೊಂಟದ ಅಳತೆಯೆಲ್ಲ ನಿಂಗೆ ಬಾಯಿಪಾಠ. ಬರಿ."

ಫಾರಂ ಮತ್ತೆ ಒಳಗೆ ಹೋಯಿತು. ಕಾಯುತ್ತಾ ಹುಡುಗಿ ಸೂಜಿ ಎತ್ತಿಕೊಂಡಳು. ದಾರ ಒಂದೇ ಸಲಕ್ಕೆ ಹೋಯಿತು.

ಈ ಸಲ ಇಷ್ಟಿತ್ತು: ದಿನಾ ಮಧ್ಯಾಹ್ನ ಮೂರು ಗಂಟೆ. ಎರಡು ವರ್ಷ.

ಅದನ್ನು ಎರಡು ಸಲ ಓದಿ, ಮಡಿಚಿ ಚೀಲಕ್ಕೆ ಹಾಕಿದಳು. ಚಿಲಕದ ಮೇಲೆ ಕೈಯಿಟ್ಟು ಎಣಿಸತೊಡಗಿದಳು. ಇಪ್ಪತ್ತಾದ ಮೇಲೆ, ಮತ್ತೆ ಒಂದರಿಂದ.