ಡಾಕ್ಟ್ರ ಮುಂದೆ ಬಾಯಿ ಬಿಡದ ಪುಟ್ಟತಾಯಕ್ಕ

ನಮ್ಮ ಪಕ್ಕದ ಮನೆ ಪುಟ್ಟತಾಯಕ್ಕನ ಕಥೆ ಕೇಳಿ. ನೆನೆಸ್ಕೊಂಡ್ರೆ ನಂಗೆ ಈಗಲೂ ಮೈ ಉರೀತದೆ.

ಆಷಾಢ ಬಂದ್ರೆ ನಮ್ಮ ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಮುರಿಯೋ ಕಾಲ. ಸೋನೆ ಮಳೇಲಿ ಹೊಲಕ್ಕೆ ಹೋಗಿದ್ದ ಅಕ್ಕ ಸಂಜೆ ತಲೆ ಸುತ್ತಿ, ವಾಂತಿ ಮಾಡ್ತಾ ಬಿದ್ಕೊಂಡ್ಲು. ಆಮೇಲೂ ಎರಡು ಮೂರು ಸಲ ಹಂಗೇ ಆಯ್ತು.

ಗಂಡ ನಿಂಗಣ್ಣ ಅವಳನ್ನ ಪಟ್ಟಣದ ಒಂದು ನರ್ಸಿಂಗ್ ಹೋಮಿಗೆ ಕರ್ಕೊಂಡು ಹೋದ. ಅಲ್ಲಿಯ ಡಾಕ್ಟ್ರು ಮುಖ ಎತ್ತಿ ನೋಡದೆ ಚೀಟಿ ಬರೆದ್ರು. ರಕ್ತ, ಮೂತ್ರ, ಎಕ್ಸರೇ, ಸ್ಕ್ಯಾನಿಂಗು, ಗ್ಲೂಕೋಸ್ ಬಾಟ್ಲಿ. ಕೊನೆಗೆ, "ಪಿತ್ತಕೋಶದಲ್ಲಿ ಕಲ್ಲಿದೆ. ಸೋಮವಾರ ಬನ್ನಿ, ಆಪರೇಷನ್ ಮಾಡೋಣ" ಅಂದ್ರು.

ಅಕ್ಕ ನನ್ನ ಕೈ ಹಿಡ್ಕೊಂಡು ಅತ್ತಳು. "ಹೊಟ್ಟೆ ಕುಯ್ತಾರಂತೆ ಕಣೇ ಸುನಂದಾ. ನಂಗೆ ಭಯ."

"ಏನ್ ಕೆಲಸ ಮಾಡಿದ್ದೆ, ಯಾವಾಗ ವಾಂತಿ ಬತ್ತದೆ ಅಂತ ಅವರು ಕೇಳಿದ್ರಾ?"

"ಇಲ್ಲ."

"ನೀನಾದ್ರೂ ಹೇಳಿದ್ಯಾ?"

"ನಾನ್ಯಾಕೆ ಹೇಳ್ಲಿ? ಶಾಸ್ತ್ರ ಹೇಳೋನ ತಾವ ಭವಿಷ್ಯ ಕೇಳೋಕೆ ಹೋದಾಗ ನಾವು ಬಾಯಿ ಬುಡ್ತೀವಾ? ತಾನಾಗೇ ಹೇಳಿದ್ರೆ ತಾನೆ ಅವನು ನಿಜವಾದೋನು! ಇವರ ತಾವ ಅಷ್ಟೊಂದು ಮಿಷನ್ ಅವೆ."

ಅಯ್ಯೋ ಶಿವನೇ! ಅವರು ಕೇಳ್ಲಿಲ್ಲ, ಇವಳು ಹೇಳ್ಲಿಲ್ಲ. ನಾನು ಹಣೆ ಹಣೆ ಚಚ್ಕೊಂಡೆ.

"ಹೊಟ್ಟೆ ಕುಯ್ಸೋಕೆ ಮುಂಚೆ ಸರ್ಕಾರಿ ಆಸ್ಪತ್ರೆ ಡಾಕ್ಟ್ರಮ್ಮನ್ನ ಒಂದ್ಸಲ ಕೇಳಾನ ಬನ್ನಿ" ಅಂದೆ.

ನಿಂಗಣ್ಣ ರೇಗಿದ. "ಆಯಮ್ಮ ಬರೀ ಮಾತಾಡ್ತದೆ ಕಣವ್ವಾ. ಒಂದು ಸೂಜಿ ಚುಚ್ಚಲ್ಲ. ಅದೂ ಒಂದು ಡಾಕ್ಟ್ರಾ?"

"ಕೇಳಿದ್ರೆ ನಿನ್ನ ಗಂಟೇನು ಹೋಯ್ತದಣ್ಣ? ನಡಿ!"

ಅಲ್ಲೂ ಅಕ್ಕ ಕಂಬದ ಹಂಗೆ ಕೂತ್ಲು. ಡಾಕ್ಟ್ರಮ್ಮ ನಾಡಿ ನೋಡಿದ್ರು, ಹೊಟ್ಟೆ ಒತ್ತಿ ನೋಡಿದ್ರು, ಏನಾಯ್ತಮ್ಮ ಅಂತ ಕೇಳಿದ್ರು. ಇವಳು ತುಟಿ ಬಿಚ್ಚಲ್ಲ! ನಂಗೆ ತಡೀಲಿಲ್ಲ. "ಬಾಯಿ ಬುಡಕ್ಕಾ! ಸೋಮವಾರ ಹೊಟ್ಟೆ ಕುಯ್ಸ್ಕೊಳ್ಳೋಕೆ ಆಸೆಯಾ?"

ಆಗ ಹೇಳಿದ್ಲು. "ಸೊಪ್ಪು ಮುರಿದ ದಿನ ಸಂಜೆ ಹಿಂಗಾಯ್ತದೆ ಡಾಕ್ಟ್ರವ್ವಾ. ಸೊಪ್ಪಿನ ನೀರಲ್ಲಿ ಸೀರೆಯೆಲ್ಲ ತೊಯ್ದಿರ್ತದೆ. ಮನೇಲಿದ್ರೆ ಏನೂ ಇಲ್ಲ."

"ಅದೇ ಕಣಮ್ಮ" ಅಂದ್ರು ಡಾಕ್ಟ್ರಮ್ಮ. "ಒದ್ದೆ ಹೊಗೆಸೊಪ್ಪಿನ ವಿಷ ಚರ್ಮದೊಳಗೆ ಇಳೀತದೆ. ಸೊಪ್ಪಿನ ಮೇಲಿನ ನೀರು ಆರಿದ ಮೇಲೆ ಮುರೀರಿ. ತಲೆಯಿಂದ ಮೈ ಮುಚ್ಚೋ ಪ್ಲಾಸ್ಟಿಕ್ ಗೊಪ್ಪೆ ಹಾಕ್ಕೊಳ್ಳಿ. ಮನೆಗೆ ಬಂದ ತಕ್ಷಣ ಸೋಪು ಹಚ್ಚಿ ಮೈ ತೊಳ್ಕೊಂಡು ಬಟ್ಟೆ ಬದಲಾಯಿಸಿ."

"ಮತ್ತೆ ಈ ಪಿತ್ತಕೋಶದ ಕಲ್ಲು?" ಅಂತ ನಿಂಗಣ್ಣ ನರ್ಸಿಂಗ್ ಹೋಮಿನ ಸ್ಕ್ಯಾನಿಂಗ್ ಚೀಟಿ ತೋರಿಸ್ದ.

"ಸುಮ್ಮನಿರೋ ಕಲ್ಲಿಗೆ ಈಗ ಆಪರೇಷನ್ ಬೇಡ. ಹೊಟ್ಟೆ ಬಲಗಡೆ ನೋವು, ಜ್ವರ, ಕಾಮಾಲೆ ಕಂಡ್ರೆ ತಡ ಮಾಡದೆ ಬನ್ನಿ. ಆಗ ಪರೀಕ್ಷೆ ನಾನೇ ಬರೆದುಕೊಡ್ತೀನಿ."

ಸೋಮವಾರ ಬಂತು. ಅಕ್ಕ ನರ್ಸಿಂಗ್ ಹೋಮಿಗೆ ಹೋಗ್ಲಿಲ್ಲ. ಬಿಸಿಲೇರಿದ ಮೇಲೆ ಗೊಪ್ಪೆ ಹಾಕ್ಕೊಂಡು ಹೊಲಕ್ಕೆ ಹೋದಳು. ಸಂಜೆ ಮೈ ತೊಳ್ಕೊಂಡು ಮುದ್ದೆ ಬಸ್ಸಾರು ಉಂಡಳು. ವಾಂತಿ ಬರಲಿಲ್ಲ. "ಸೂಜಿ ಇಲ್ದೆನೇ ವಾಸಿಯಾಯ್ತಲ್ಲ!" ಅಂತ ನಿಂಗಣ್ಣ ಮೂಗಿನ ಮೇಲೆ ಬೆರಳಿಟ್ಕೊಂಡ.

ನೋಡ್ರವ್ವಾ, ನೋಡ್ರಣ್ಣಾ, ಬೇಕಾದ ಪರೀಕ್ಷೆ ಮಾಡಿಸಲೇಬೇಕು, ಅದಕ್ಕೆ ಹಿಂಜರೀಬೇಡಿ. ಆದ್ರೆ ಡಾಕ್ಟ್ರ ಮುಂದೆ ಮೊದಲು ಬಾಯಿ ಬಿಡಿ. ಏನ್ ಕೆಲಸ ಮಾಡ್ತೀರಿ, ಯಾವಾಗ ಏನಾಯ್ತದೆ ಎಲ್ಲ ಹೇಳಿ. ಈ ಪರೀಕ್ಷೆ ಯಾಕೆ, ಮಾಡಿಸದಿದ್ರೆ ಏನಾಯ್ತದೆ ಅಂತ ಕೇಳಿ. ಸೂಜಿ ಹಾಕಿ, ಬಾಟ್ಲಿ ಏರಿಸಿ ಅಂತ ಪೀಡಿಸಬೇಡಿ.

ಡಾಕ್ಟ್ರೇ, ನಿಮಗೂ ಒಂದು ಮಾತು. ಬರೆಯೋಕೆ ಮುಂಚೆ ನಮ್ಮ ಮುಖ ನೋಡಿ, ನಾವು ಹೇಳೋದನ್ನ ಕೇಳಿ. ಸುಮ್ಮನೆ ಚೀಟಿ ಅಂಟಿಸಿ ಮುಂದಕ್ಕೆ ತಳ್ಳೋಕೆ ನಾವೇನು ಹರಾಜಿಗಿಟ್ಟ ಹೊಗೆಸೊಪ್ಪಿನ ಮೂಟೆಯಲ್ಲ.