ಗೋಡೆಯಿಂದ ಇಳಿದ ಹಾರೆ

ಆ ಬೆಳಿಗ್ಗೆ ಗಾಳಿಯೇ ಇರಲಿಲ್ಲ. ಸೊನ್ನೆಗಿಂತ ಮೂವತ್ತೊಂದು ಡಿಗ್ರಿ ಕೆಳಗಿನ ಚಳಿ. ದಡದ ಮನೆಗಳ ಹೊಗೆ ನೂಲು ಹಿಡಿದಂತೆ ನೆಟ್ಟಗೆ ಏರಿ ಅಲ್ಲೇ ನಿಂತಿತ್ತು. ಹೆಜ್ಜೆಯಿಟ್ಟರೆ ಒಣ ರೊಟ್ಟಿ ಮುರಿದ ಸದ್ದು. ಇಗರ್ಜಿಯ ಗಂಟೆಯ ಹಗ್ಗ ಕೋಲಿನಂತೆ ಸೆಟೆದಿತ್ತು. ಇಪ್ಪತ್ತೆರಡು ವರ್ಷದಿಂದ ಆ ಹಗ್ಗ ಎಳೆಯುತ್ತಿರುವವಳು ನಾನು, ಸೈಮಿ. ಚಳಿಗಾಲದಲ್ಲಿ ದ್ವೀಪದ ಸ್ಮಶಾನಕ್ಕೆ ಮಂಜುಗಡ್ಡೆಯ ಮೇಲೆ ದಾರಿ ಗುರುತಿಸುವುದೂ ನನ್ನದೇ ಕೆಲಸ.

ಅಂದು ಮಣ್ಣಾಗಬೇಕಿದ್ದವರು ಕಲೆರ್ವೊ ರೌತಸುವೊ. ಹನ್ನೊಂದು ವರ್ಷ ಪ್ರಧಾನಿಯಾಗಿದ್ದವರು, ನಮ್ಮೂರಿನವರೇ. ಮುದುಕರಿಗೆ ಪಿಂಚಣಿ, ಕಾಡಿನಂಚಿನ ಹಳ್ಳಿಗೂ ಶಾಲೆ, ಹಸುವಿನ ಕೊಟ್ಟಿಗೆಗೂ ವಿದ್ಯುತ್ ದೀಪ ಕೊಟ್ಟವರು. ನನ್ನ ಅಡುಗೆಮನೆಯ ಬೆಳಕೂ ಅವರದೇ ಎಂಬುದನ್ನು ಮರೆತರೆ ದೇವರು ಮೆಚ್ಚುವುದಿಲ್ಲ. ಆದರೆ ಆ ಬೆಳಕಿಗಾಗಿ ಅವರು ನಮ್ಮ ನದಿಗೆ ಅಣೆಕಟ್ಟು ಕಟ್ಟಿಸಿದರು. ನಮ್ಮ ಹಳೆಯ ಊರು ಕೈತಾಲಾ ನೀರಿನಡಿ ಹೋಯಿತು. ಸ್ಮಶಾನವಿದ್ದ ಗುಡ್ಡ ಮಾತ್ರ ದ್ವೀಪವಾಗಿ ಉಳಿಯಿತು.

ನೀರು ತುಂಬಿದ ಮೊದಲ ಚಳಿಗಾಲ ಅವರಿನ್ನೂ ಮಂತ್ರಿ. ಚುನಾವಣೆ ಹತ್ತಿರವಿತ್ತು. ಹೊಸ ಸರೋವರದ ಮಂಜುಗಡ್ಡೆಯನ್ನು ಜನ ನಂಬುತ್ತಿರಲಿಲ್ಲ. ತಾವೇ ನಡೆದು ತೋರಿಸುತ್ತೇನೆಂದು ಬಂದರು. ದಾರಿ ಗುರುತಿಸುತ್ತಿದ್ದ ನನ್ನ ಅಪ್ಪ ತನ್ನ ಹಾರೆ ಕೊಟ್ಟ. ಗಡ್ಡೆಯನ್ನು ತಟ್ಟುತ್ತಾ ಅವರು ದಾಟಿದ ಚಿತ್ರ ಎಲ್ಲ ಪತ್ರಿಕೆಗಳಲ್ಲೂ ಬಂತು. ಹಾರೆ ಅವರ ಕಾರಿನಲ್ಲೇ ರಾಜಧಾನಿಗೆ ಹೋಯಿತು.

"ದೊಡ್ಡವರು, ಕಳಿಸ್ತಾರೆ ಬಿಡೇ" ಎಂದಿದ್ದ ಅಪ್ಪ. ನನಗಾಗ ಒಂಬತ್ತು ವರ್ಷ. ಹನ್ನೊಂದು ದಿನ ಕಾದು, ಬರ್ಚ್ ಮರದ ಕೋಲು ಹಿಡಿದು ದಾರಿ ಗುರುತಿಸಲು ಹೋದ. ಕಬ್ಬಿಣ ಹೇಳುವುದನ್ನು ಕೋಲು ಹೇಳುವುದಿಲ್ಲ. ಅಪ್ಪ ಸಿಕ್ಕಿದ್ದು ಗಡ್ಡೆ ಕರಗಿದ ಮೇಲೆ, ಮೇ ತಿಂಗಳಲ್ಲಿ.

ಹಾರೆ ಪ್ರಧಾನಿಯ ಕಚೇರಿಯ ಗೋಡೆ, ಆಮೇಲೆ ಅವರ ಮನೆಯ ಗೋಡೆ ಸೇರಿತು. 'ತಟ್ಟಿ ನೋಡಿ ಹೆಜ್ಜೆ ಇಡುವ ನಾಯಕ' ಎಂದು ಭಿತ್ತಿಪತ್ರಗಳಲ್ಲಿ ಅಚ್ಚಾಯಿತು. ಇಂದಿಗೂ ಆ ಪಕ್ಷದ ಬಾವುಟದಲ್ಲಿ ಒಂದು ಹಾರೆಯಿದೆ.

ಆ ಬೆಳಿಗ್ಗೆ ಇಗರ್ಜಿಯ ಪೂಜೆಗೆ ಮುಂಚೆ ದಡಕ್ಕೆ ಹೋಗಿ ನೋಡಿದೆ. ಮೂರು ದಿನದಿಂದ ಅಣೆಕಟ್ಟಿನ ಕಡೆಯ ಮೊರೆತ ನಿಂತಿರಲಿಲ್ಲ. ದಡದ ಬಂಡೆಗಳಿಗೆ ಅಂಟಿದ ಗಡ್ಡೆ ಒಳಮುಖವಾಗಿ ಬಾಗಿ, ಉದ್ದಕ್ಕೂ ಸೀಳು ಬಿಟ್ಟಿತ್ತು. ನನ್ನ ಕೊರೆಯುವ ಯಂತ್ರ ಚಳಿಗೆ ಸತ್ತುಹೋಗಿತ್ತು. ದ್ವೀಪಕ್ಕೆ ಎಂಟುನೂರು ಮೀಟರ್. ಶವಪೆಟ್ಟಿಗೆ ಹೊತ್ತ ಕುದುರೆಯ ಜಾರುಬಂಡಿ, ಹಿಂದೆ ಇನ್ನೂರು ಜನ. ಪಾದ್ರಿಗಳಿಗೆ ಹೇಳಿದೆ. "ಮನೆಯವರ ಹತ್ತಿರ ಮಾತಾಡಮ್ಮ" ಎಂದು ಅವರು ನಿಲುವಂಗಿ ಸರಿಮಾಡಿಕೊಂಡರು.

ಇಗರ್ಜಿಯಲ್ಲಿ ಹೂಚಕ್ರ ಇಡುವವರು ಅದರ ರೇಷ್ಮೆ ಪಟ್ಟಿಯ ಮೇಲಿನ ಮಾತನ್ನು ಗಟ್ಟಿಯಾಗಿ ಓದಬೇಕು, ಅದು ನಮ್ಮ ಪದ್ಧತಿ. ಪಕ್ಷದ್ದು, ಸಂಸತ್ತಿನದು, ಒಂದಾದಮೇಲೊಂದು. 'ರಾಷ್ಟ್ರದ ಕೃತಜ್ಞತೆಯೊಂದಿಗೆ.' ಕೊನೆಗೆ ನಮ್ಮೂರಿನ ಹಿರಿಯ ಬಂದು ಓದಿದ: 'ಕೈತಾಲಾದವರಿಂದ.' ಅಷ್ಟೇ. ಯಾರೋ ಕೆಮ್ಮಿದರು.

ಮೆರವಣಿಗೆ ದಡಕ್ಕೆ ಬಂತು, ಪಕ್ಕದಲ್ಲಿ ಟಿವಿ ಕ್ಯಾಮೆರಾದವರು. ಮುಂದೆ ಪಕ್ಷದ ಯುವ ಮುಖಂಡ ರೈಮೊ, ಕೈಯಲ್ಲಿ ಅಪ್ಪನ ಹಾರೆ. ಹಿಡಿಗೆ ಅಪ್ಪ ಸುತ್ತಿದ ವಿಲೋ ಮರದ ಬೇರು ಹಾಗೇ ಇತ್ತು. ನಾನು ದಾರಿಗೆ ಅಡ್ಡ ನಿಂತೆ.

"ಹೋಗಬೇಡಿ. ಗಡ್ಡೆ ಕೆಳಗೆ ನೀರಿಲ್ಲ."

"ಏನ್ ಹೇಳ್ತಿದೀಯ ಅಜ್ಜಿ? ಭಾನುವಾರ ನಾನೇ ಕೊರೆದು ನೋಡಿದೀನಿ. ಮೊಣಕಾಲುದ್ದ ದಪ್ಪ ಇದೆ. ಆಮೇಲೆ ಈ ಚಳಿ ಬೇರೆ! ಲಾರಿ ಓಡಿಸಬಹುದು."

"ಚಳಿ ಹೆಚ್ಚಾದ್ದಕ್ಕೇ ಹೇಳ್ತಿರೋದು ಕಣಪ್ಪಾ. ದೇಶದವರೆಲ್ಲ ಮನೆ ಬಿಸಿ ಮಾಡ್ಕೊಳ್ತಿದಾರೆ. ಅದಕ್ಕೆ ಕರೆಂಟು ಬೇಕು, ಕರೆಂಟಿಗೆ ನೀರು ಬಿಡ್ತಿದಾರೆ. ನೀರು ಇಳಿದಿದೆ, ಗಡ್ಡೆ ಆಸರೆ ಇಲ್ಲದೆ ನಿಂತಲ್ಲೇ ನಿಂತಿದೆ."

"ಕ್ಯಾಮೆರಾ ನೋಡಿ ಹೆದರಿಕೆ ಬಂತೇನಜ್ಜೀ?" ರೈಮೊ ಹಿಂದಿನವರತ್ತ ಕಣ್ಣು ಮಿಟುಕಿಸಿದ. ಕೆಲವರು ನಕ್ಕರು. ಕುದುರೆ ಮಾತ್ರ ಮುಂಗಾಲು ಎತ್ತಿ ಮತ್ತೆ ಇದ್ದಲ್ಲೇ ಊರಿತು.

ತೀರಿಕೊಂಡವರ ಮಗಳು ಮಾರ್ಕೆತ್ತಾ ಮುಂದೆ ಬಂದಳು. ನನಗಿಂತ ಎರಡು ವರ್ಷ ಚಿಕ್ಕವಳು, ಅತ್ತು ಮುಖ ಊದಿತ್ತು.

"ಸೈಮಿ ಅಕ್ಕ, ಇವತ್ತೇ ದ್ವೀಪದಲ್ಲಿ ಅವರಮ್ಮನ ಪಕ್ಕ ಮಲಗಿಸ್ತೀನಿ ಅಂತ ಅಪ್ಪನಿಗೆ ಮಾತು ಕೊಟ್ಟಿದೀನಿ. ಏನ್ ಮಾಡ್ಲಿ ಹೇಳು?"

"ಆ ಹಾರೆ ಕೊಡಿಸು. ನಾನೊಬ್ಬಳೇ ಹೋಗಿ ನೋಡ್ಬರ್ತೀನಿ."

"ಅದು ಸಂಗ್ರಹಾಲಯಕ್ಕೆ ಹೋಗೋ ವಸ್ತು!" ಎಂದ ರೈಮೊ.

"ಕೊಡಿ ಅಂದೆನಲ್ಲ" ಎಂದಳು ಮಾರ್ಕೆತ್ತಾ.

ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ಹೊರಟೆ. ಕಬ್ಬಿಣದ ತೂಕ ಕೈಗೆ ಹೊಸದೆನಿಸಲಿಲ್ಲ. ಹತ್ತು ಹೆಜ್ಜೆ, ಇಪ್ಪತ್ತು, ನಲವತ್ತು. ತಟ್ಟಿದಲ್ಲೆಲ್ಲ ಗಟ್ಟಿ ಸದ್ದು. ಹಿಂದೆ ರೈಮೊ ಏನೋ ಗೇಲಿ ಮಾಡಿದ್ದು ಕೇಳಿಸಿತು. ನನಗೇ ಅನುಮಾನ ಬಂತು: ಐವತ್ತು ವರ್ಷದ ನೋವು ನನ್ನ ಬಾಯಲ್ಲಿ ಮಾತಾಡುತ್ತಿದೆಯೇ? ಮನಸ್ಸಿನಲ್ಲೇ ದೇವರನ್ನು ನೆನೆದು ಇನ್ನೂ ಹತ್ತು ಹೆಜ್ಜೆ ಇಟ್ಟು ತಟ್ಟಿದೆ.

ಸದ್ದು ಬದಲಾಯಿತು. ಖಾಲಿ ಹಂಡೆಗೆ ಬಡಿದಂತೆ.

ಮೊಣಕಾಲೂರಿ ಒಂದೇ ಕಡೆ ಹೊಡೆದೆ. ಬಹಳ ಹೊತ್ತು ಹಿಡಿಯಿತು. ಕೊನೆಗೊಮ್ಮೆ ಹಾರೆ ಗಡ್ಡೆಯಾಚೆ ನುಗ್ಗಿತು. ತೂತು ಬಿದ್ದರೆ ನೀರು ಉಕ್ಕಿ ಬರಬೇಕು. ಬರಲಿಲ್ಲ. ಬದಲಿಗೆ ಒಳಗಿನಿಂದ ಬೆಚ್ಚನೆಯ, ಕೆಸರು ವಾಸನೆಯ ಉಸಿರೊಂದು ಮೇಲೆ ಬಂದು ನನ್ನ ಮುಖಕ್ಕೆ ತಾಗಿತು. ಗಡ್ಡೆಯ ಚೂರೊಂದನ್ನು ತೂತಿಗೆ ಹಾಕಿದೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಆಳದ ಕತ್ತಲೆಯಲ್ಲಿ 'ಡುಬುಕ್' ಎಂದಿತು.

ದಡದಲ್ಲಿದ್ದ ಇನ್ನೂರು ಜನರಿಗೂ ಅದು ಕೇಳಿಸಿತು. ಅಂಥ ನಿಶ್ಶಬ್ದದ ಬೆಳಿಗ್ಗೆ ಅದು. ಆಗಲೇ ನನ್ನ ಎಡಕ್ಕೆ, ಹಿಮದಡಿಯಿಂದ ದೀರ್ಘವಾದ ನರಳಿಕೆಯೊಂದು ಹೊರಟು, ಬಿರುಕಿನ ಗೆರೆಯೊಂದು ದ್ವೀಪದವರೆಗೂ ಓಡಿತು. ನಾನು ಬೋರಲಾಗಿ ಮಲಗಿದೆ. ದಡದವರು ಹಗ್ಗ ಎಳೆದುಕೊಂಡರು. ದಡ ಮುಟ್ಟಿ ಮುಖ ಎತ್ತಿದಾಗ ಕ್ಯಾಮೆರಾದವರು ಯಂತ್ರ ಇಳಿಸಿ ಟೋಪಿ ತೆಗೆದಿದ್ದರು.

ಹಾರೆಯನ್ನು ಮಾರ್ಕೆತ್ತಾಳ ಕೈಗಿತ್ತೆ, ಎರವಲು ತಂದದ್ದಲ್ಲವೇ.

ಶವಪೆಟ್ಟಿಗೆಯನ್ನು ಇಗರ್ಜಿಯ ಹಿಂದಿನ ಕಲ್ಲುಕೋಣೆಗೆ ಒಯ್ದರು. ಮೇ ತಿಂಗಳವರೆಗೆ ಅಲ್ಲೇ. ನಂತರ ದೋಣಿ. ಜನ ಕಾಫಿ ಕುಡಿಯಲು ಸಭಾಭವನಕ್ಕೆ ಹೋದರು. ಅದರ ಕಿಟಕಿಗಳಲ್ಲೆಲ್ಲ ದೀಪ ಉರಿಯುತ್ತಿತ್ತು. ಅಣೆಕಟ್ಟಿನ ಮೊರೆತ ಇನ್ನೂ ನಿಂತಿರಲಿಲ್ಲ.

ನಾನು ಕೋಣೆಯ ಬಾಗಿಲಿಗೆ ಅಗಳಿ ಹಾಕುತ್ತಿದ್ದೆ. ಹಿಂದೆ ಹೆಜ್ಜೆಯ ಸದ್ದಾಯಿತು. ಮಾರ್ಕೆತ್ತಾ.

"ಕೊನೇ ವಾರ ಅಪ್ಪ 'ಅದನ್ನ ಗೋಡೆಯಿಂದ ಇಳಿಸು, ಇಳಿಸು' ಅಂತಲೇ ಇದ್ರು. ಯಾಕೆ ಅಂತ ಕೇಳ್ದೆ. ಮುಖ ಆ ಕಡೆ ತಿರುಗಿಸ್ಕೊಂಡ್ರು. ನಾನು ಮೆರವಣಿಗೆಗೆ ಅಂದ್ಕೊಂಡೆ ಅಕ್ಕ."

ನಾನು ಅಗಳಿ ಬಿಟ್ಟು ಅವಳ ಕಡೆ ತಿರುಗಿದೆ.

ಅವಳು ಹಾರೆಯನ್ನು ಎರಡೂ ಕೈಯಲ್ಲಿ ಹಿಡಿದು, ವಿಲೋ ಬೇರು ಸುತ್ತಿದ ಹಿಡಿಯನ್ನು ನನ್ನ ಕಡೆಗೆ ತಿರುಗಿಸಿ, ಕೊಟ್ಟಳು.