ಲಾಡಿಯ ಗುರುತು

ಹೆಣದ ಹೊಟ್ಟೆಯ ಮೇಲೆ ನೀರು ಹೊಯ್ಯುತ್ತಿದ್ದ ನೆರೆಮನೆಯ ಬೇಬಿಯ ಕೈ ಅಲ್ಲೇ ನಿಂತಿತು. ಕಾಪುವಿನ ಆ ಮನೆಯ ಅಂಗಳದಲ್ಲಿ ಸೀರೆ ಕಟ್ಟಿ ಮರೆ ಮಾಡಿದ್ದರು. ಆಚೆ ಗಂಡಸರು ಚಟ್ಟ ಕಟ್ಟುತ್ತಿದ್ದರು.

“ಸರಸಕ್ಕ, ಬೇಜಾರು ಮಾಡಬೇಡಿ. ನಿಮ್ಮ ಸೊಸೆ ಬಸುರಿಯಾ? ಬಸುರಿಯನ್ನು ಹೀಗೇ ಸುಡಲಿಕ್ಕಿಲ್ಲ, ಅದಕ್ಕೆ ಕ್ರಮ ಬೇರೆ ಉಂಟು.”

ಹಿರಿಸೊಸೆ ತೃಪ್ತಿಗೆ ಹೊಟ್ಟೆ ಬಂದಿದೆಯೆಂದು ಮೀನು ಮಾರುವಲ್ಲೆಲ್ಲ ಹೇಳಿಕೊಂಡು ತಿರುಗಿದವಳು ಸರಸಳೇ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಯುವವರನ್ನು ಕಂಡು ನಗಬಹುದು. ಇಲ್ಲಿ ಕೂಸೇ ಇರಲಿಲ್ಲ.

“ಬಸುರಿಯಲ್ಲ,” ಎಂದಳು ಕಿರಿಸೊಸೆ ಹರ್ಷಿಣಿ. “ಅದು ನೀರು.”

ಮಕ್ಕಳಾಗಲೆಂದು ಕೊಟ್ಟ ಇಂಜೆಕ್ಷನ್ನಿಗೆ ಅಂಡಾಶಯ ಮಿತಿಮೀರಿ ಊದಿಕೊಂಡಿತ್ತು, ರಕ್ತದ ನೀರು ಹೊಟ್ಟೆಗೆ ಇಳಿದು ರಕ್ತ ಗಟ್ಟಿಯಾಗಿತ್ತು ಎಂದು ಮಣಿಪಾಲದ ಡಾಕ್ಟರು ಹೇಳಿದ್ದರು. ಇಷ್ಟು ಜೋರಾಗುವುದು ಅಪರೂಪ, ಬೇಗ ಬಂದಿದ್ದರೆ ಉಳಿಸಬಹುದಿತ್ತು ಎಂದೂ ಹೇಳಿದ್ದರು. ಆ ಕೊನೆಯ ಮಾತನ್ನು ಹರ್ಷಿಣಿ ನುಂಗಿಕೊಂಡಳು. ಬೇಬಿ ಮತ್ತೆ ನೀರು ಹೊಯ್ದಳು.

*

ತೃಪ್ತಿ ಕೇರಿಯವರಿಗೆಲ್ಲ ರವಿಕೆ, ಲಂಗ ಹೊಲಿದುಕೊಡುತ್ತಿದ್ದಳು. ಯಾರ ಸೊಂಟ ಎಷ್ಟೆಂದು ಅವಳಿಗೆ ಗೊತ್ತಿತ್ತು. ಯಾರದ್ದು ಎಷ್ಟು ಏರಿತೆಂದು ಇನ್ನೊಬ್ಬರಿಗೆ ಹೇಳುತ್ತಿರಲಿಲ್ಲ. ಹೋದ ವಾರ ತನ್ನದೇ ಲಂಗದ ಲಾಡಿ ಎಳೆದು ತೆಗೆದು, ಉದ್ದದ್ದನ್ನು ಪೋಣಿಸುತ್ತಿದ್ದಾಗ ಹರ್ಷಿಣಿ ನೋಡಿದಳು. ಓರಗಿತ್ತಿಯರಿಬ್ಬರಿಗೂ ಉಡುಪಿಯ ಒಂದೇ ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್ ನಡೆಯುತ್ತಿತ್ತು. ಹೊಟ್ಟೆ ಉಬ್ಬಿದರೆ, ಉಸಿರು ಕಟ್ಟಿದರೆ, ಮೂತ್ರ ಕಡಿಮೆಯಾದರೆ ಕೂಡಲೇ ಬನ್ನಿ ಎಂದು ನರ್ಸ್ ಇಮೆಲ್ಡಾ ಇಬ್ಬರನ್ನೂ ಕೂರಿಸಿ ಹೇಳಿದ್ದಳು.

“ಅಕ್ಕ, ಹೋಗುವ,” ಎಂದಳು ಹರ್ಷಿಣಿ.

“ನಾಲ್ಕು ದಿನ ಇರಲಿ ಮಾರಾಯ್ತಿ. ಅತ್ತೆ ಇಷ್ಟು ನಗಾಡಿದ್ದು ನಾನು ನೋಡಿಯೇ ಇಲ್ಲ. ಇದು ಬಸುರಲ್ಲ ಅಂತ ಈಗ ಹೇಳಲಿಕ್ಕೆ ನನ್ನಿಂದಾಗುವುದಿಲ್ಲ.”

ಪಾಪದ ಹೆಂಗಸು, ಅತ್ತೆಯ ನಗುವಿಗೆ ಅಷ್ಟು ಹೆದರಿದಳು.

*

ಹೆಣ ಹೋದ ಮೇಲೆ ಹೆಂಗಸರು ಒಬ್ಬೊಬ್ಬರಾಗಿ ಮಿಂದರು. ಹರ್ಷಿಣಿಗೆ ಒಣಬಟ್ಟೆ ಕೊಡುವಾಗ ಸರಸ ಅವಳ ಹೊಟ್ಟೆಯನ್ನು ಒಮ್ಮೆ ನೋಡಿ, ಇನ್ನು ನಮಗೆ ನೀನೊಬ್ಬಳೇ ಮಗಾ, ಎಂದಳು. ಅಳುತ್ತಲೇ ಹೇಳಿದಳು.

ಬಚ್ಚಲಿನಲ್ಲಿ ಹರ್ಷಿಣಿ ಲಂಗ ಉಟ್ಟಳು. ಅದೂ ತೃಪ್ತಿ ಹೊಲಿದದ್ದೇ. ದಿನಾ ಗಂಟು ಬೀಳುವಲ್ಲಿ ಲಾಡಿ ಸುಕ್ಕುಗಟ್ಟಿ ಗುರುತಾಗಿತ್ತು. ಇವತ್ತಿನ ಗಂಟು ಅಲ್ಲಿ ಬೀಳಲಿಲ್ಲ. ಉಸಿರು ಎಳೆದುಕೊಂಡು ಮತ್ತೆ ಕಟ್ಟಿದಳು. ಗುರುತಿಗಿಂತ ಎರಡು ಬೆರಳು ತುದಿಯತ್ತಲೇ ಬಿತ್ತು.

“ಆಯ್ತಾ ಮಗಾ?” ಬಾಗಿಲಾಚೆಯಿಂದ ಸರಸ ಕೇಳಿದಳು.

ಹರ್ಷಿಣಿ ಗಂಟು ಬಿಚ್ಚಿದಳು. ಲಾಡಿಯ ಎರಡೂ ತುದಿಗಳನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಚಿಲಕ ತೆಗೆದಳು.